‘ನಾವಿಬ್ರ ಅದೀವ್ರಿ’

ರಾಜಗೋಪಾಲನಗರದಲ್ಲಿ ವೆಂಕಟಮ್ಮನವರ ಮನೆ ಎಂದರೆ ಆಟೋದವರಿಗೂ ಗೊತ್ತು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಉಳಿದ ತುಂಡು ಜಾಗದ ಮೇಲೆ ಮೂರು ಅಂತಸ್ತು ಎದ್ದಿದೆ. ಕೆಳಗೆ ತಾಯಿ, ಮಗಳು. ಮೇಲಿನ ಎರಡು ಅಂತಸ್ತಿನಲ್ಲಿ ಸಾಲಾಗಿ ಒಂಟಿ ಕೋಣೆಗಳು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಬಿಡಾರಗಳು. ಬೆಳಗಾದರೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು, ಒಗ್ಗರಣೆಯ ವಾಸನೆ, ಜೋಳದ ರೊಟ್ಟಿ ಬಡಿಯುವ ಸದ್ದು. ಆ ಹೊತ್ತಿಗೆ ವೆಂಕಟಮ್ಮನವರು ಗೇಟಿನ ಪಕ್ಕದ ಜಗಲಿಯಲ್ಲಿ ಮೊರ ಹಿಡಿದು ಕೂತಿರುತ್ತಾರೆ. ಅಕ್ಕಿ, ಕಾಳು, ಅವರೆಕಾಯಿ, ಏನಾದರೊಂದನ್ನು ಹಸನು ಮಾಡುತ್ತ, ತಲೆ ಬಗ್ಗಿಸಿಕೊಂಡು. ಜನ ಇಳಿದು ಹೋಗುವವರೆಗೂ ಆ ತಲೆ ಮೇಲೇಳುವುದಿಲ್ಲ. ಇಷ್ಟು ಜನ ಎದುರಿಗೆ ಹಾದುಹೋಗುವಾಗ ಒಬ್ಬರನ್ನೂ ಕಣ್ಣೆತ್ತಿ ನೋಡಬಾರದೆ ಎಂದು ಮಗಳು ವನಜಾಳಿಗೆ ಎಷ್ಟೋ ಸಲ ಅನ್ನಿಸಿದೆ.

ವನಜಾಳಿಗೆ ನಲವತ್ತು ದಾಟಿದೆ. ಜ್ಞಾನಭಾರತಿಯಲ್ಲಿ ಸಮಾಜಶಾಸ್ತ್ರ ಓದಿದವಳು. ತಂದೆ ಲಕ್ಷ್ಮಯ್ಯನವರು ಬದುಕಿದ್ದಾಗಲೇ ಅವಳನ್ನು ನೆಲಮಂಗಲದ ಕಡೆ ಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ಎರಡು ಚೀಲ ಹಿಡಿದು ಬಸ್ಸಿಳಿದು ತವರಿಗೆ ಬಂದವಳು ಮತ್ತೆ ಅತ್ತ ಹೋಗಲಿಲ್ಲ. ಯಾಕೆ ಬಂದೆ ಎಂದು ತಾಯಿ ಕೇಳಲಿಲ್ಲ. ಚೀಲಗಳನ್ನು ಒಳಗಿಟ್ಟು, ಕೈಕಾಲು ತೊಳೆದುಕೋ, ಮುದ್ದೆ ಆರುತ್ತದೆ ಎಂದರು, ಅಷ್ಟೆ. ವರ್ಷಗಳು ಕಳೆದರೂ ಕೇಳಲಿಲ್ಲ. ಹೆತ್ತವಳು ಕೇಳದೆ ಹೋದದ್ದು ವನಜಾಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು.

ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ದಿನ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿದಳು. ಕಳೆದ ವರ್ಷ ಹೇಮಲತಾ ಎಂಬ ಪ್ರಾಧ್ಯಾಪಕಿಯೊಬ್ಬರು ಅವಳನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ನಗರದಲ್ಲಿ ದುಡಿಯುವ ಜನರ ಆಪ್ತ ಸಂಬಂಧಗಳು ಈಗ ಹೇಗಿವೆ, ಯಾರು ಯಾರಿಗೆ ಹತ್ತಿರ, ಮನಸ್ಸು ನೊಂದಾಗ ಯಾರ ಹತ್ತಿರ ಹೇಳಿಕೊಳ್ಳುತ್ತಾರೆ ಎಂಬುದೇ ಅದರ ವಿಷಯ. ಜನರನ್ನು ಮಾತಾಡಿಸಿ, ಅವರ ಒಪ್ಪಿಗೆ ಪಡೆದು, ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ತರುವುದು ವನಜಾಳ ಕೆಲಸ. ಅಪರಿಚಿತರು ಬಾಗಿಲು ತೆರೆಯುವುದಿಲ್ಲ, ನಿಮ್ಮನ್ನು ಬಲ್ಲವರ ಮನೆಗಳಿಂದಲೇ ಶುರುಮಾಡಿ ಎಂದರು ಹೇಮಲತಾ. ರಾಜಗೋಪಾಲನಗರದ ಅಧ್ಯಾಯವನ್ನು ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲೇ ಬರಲಿ ಎಂದೂ ಹೇಳಿದರು. ವನಜಾಳಿಗೆ ಅಂದು ಊಟ ಸೇರಲಿಲ್ಲ, ಅಷ್ಟು ಸಂತೋಷ. ತನ್ನ ಮನೆಯ ಮೆಟ್ಟಿಲು ಹತ್ತಿ ಇಳಿಯುವ ಈ ಜನರ ಬಾಳು ಇದ್ದದ್ದು ಇದ್ದ ಹಾಗೆ ಒಂದು ಪುಸ್ತಕದಲ್ಲಿ ಬರಬೇಕು, ಅದು ತನ್ನ ಕೈಯಿಂದಲೇ ಆಗಬೇಕು ಎಂದುಕೊಂಡಳು. ಬೇರೇನನ್ನೂ ಅವಳು ಅಷ್ಟು ಆಸೆಪಟ್ಟವಳಲ್ಲ.

ಆದರೆ ಮೇಲಿನ ಕೋಣೆಗಳಲ್ಲಿ ಅವಳಿಗೆ ಸಿಕ್ಕಿದ್ದೆಲ್ಲ ಒಂದೇ ಉತ್ತರ. ಗಂಡ ಹೆಂಡತಿ ಮಾತ್ರ ಇದ್ದೇವೆ. ಯಾರೂ ಬರುವುದಿಲ್ಲ, ಹೋಗುವುದಿಲ್ಲ. ಕಷ್ಟಸುಖ ಹೇಳಿಕೊಳ್ಳಲು ಯಾರೂ ಇಲ್ಲ. ಅಣ್ಣ ಇಲ್ಲ, ತಂಗಿ ಇಲ್ಲ, ಗೆಳತಿ ಇಲ್ಲ. ಸಿಂದಗಿ ಕಡೆಯ ಮಹಾನಂದಾ ಕೂಡ ಇದನ್ನೇ ಹೇಳಿದಳು. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿಗೆಯವಳು. ಗಂಡ ಬಸಲಿಂಗ ಲೇತ್ ಶಾಪಿನಲ್ಲಿ ಹೆಚ್ಚಾಗಿ ರಾತ್ರಿ ಪಾಳಿಯವನು. ಸೆರಗನ್ನು ಮೈತುಂಬ ಹೊದ್ದು ಗೋಡೆಗೊರಗಿ ಕೂತು, ಫೋನನ್ನೇ ನೋಡುತ್ತ, “ನಾವಿಬ್ರ ಅದೀವ್ರಿ ಅಕ್ಕಾರ. ಮತ್ತ ಯಾರೂ ಇಲ್ರಿ” ಎಂದಳು.

ಹೀಗೆ ಹೇಳಿದವಳ ಬೆನ್ನ ಮೇಲೆ ಒಂದು ಜಡೆ ಇತ್ತು. ನೆತ್ತಿಯಿಂದಲೇ ಎಳೆ ಎಳೆ ಸೇರಿಸಿ ಹೆಣೆದ, ಒಂದು ಕೂದಲೂ ಆಚೀಚೆ ಜಾರದ ಬಿಗಿ ಜಡೆ. ಅದನ್ನು ಯಾವ ಹೆಂಗಸೂ ತನಗೆ ತಾನೇ ಹಾಕಿಕೊಳ್ಳಲಾರಳು. ಲೇತ್ ತಿರುಗಿಸಿ ಬಂದು ಮಲಗುವ ಬಸಲಿಂಗನಂತೂ ಹಾಕಿರಲಾರ.

ಯಾರು ಹಾಕಿದ್ದೆಂದು ವನಜಾಳಿಗೆ ಗೊತ್ತಿತ್ತು. ಒಂದು ಭಾನುವಾರ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ನೋಡಲು ತಾರಸಿಗೆ ಹೋದಾಗ ತೊಟ್ಟಿಯ ಮರೆಯ ನೆರಳಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳ ಮಡಿಲ ಹತ್ತಿರ ಇನ್ನೊಬ್ಬಳ ತಲೆ. ಹಿಂದೆ ಕೂತವಳು ಜಡೆ ಹೆಣೆಯುತ್ತ ಏನೋ ಹೇಳುತ್ತಿದ್ದಳು, ಮುಂದೆ ಕೂತ ಮಹಾನಂದಾ ಸದ್ದಾಗದಂತೆ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ವನಜಾಳನ್ನು ಕಂಡದ್ದೇ ತಡ, ಹಿಂದಿನವಳು ಹಣಿಗೆ ಮುಚ್ಚಿ ಹಿಡಿದು ಸರಸರನೆ ಇಳಿದು ಹೋದಳು. ನಮ್ಮೂರಾಕಿ, ಹೊಳೆವ್ವ ಅಂತ, ಸುಮ್ಮನೆ ಮಾತಾಡಿಸಲು ಬಂದಿದ್ದಳು ಎಂದು ಮಹಾನಂದಾ ಕೇಳದೆಯೇ ಹೇಳಿದಳು. ಮಾತಾಡಿಸಲು ಬಂದವಳ ಸೀರೆ ಆಮೇಲೆ ದಿನವೂ ಹಗ್ಗದ ಮೇಲೆ ಒಣಗುತ್ತಿತ್ತು.

ಮೇಲಿನ ಒಂದೊಂದು ಕೋಣೆಯಲ್ಲೂ ಇಂಥ ಒಬ್ಬರು ಇದ್ದರು. ತಮ್ಮನೋ, ಚಿಕ್ಕಮ್ಮನ ಮಗಳೋ, ಊರಿನ ಗೆಳೆಯನೋ. ಅವರನ್ನು ಮುಚ್ಚಿಡಲು ಕಾರಣವೂ ಮನೆಯಲ್ಲೇ ಇತ್ತು. ಕೊಳವೆಬಾವಿ ಬತ್ತಿ ಟ್ಯಾಂಕರಿನ ನೀರು ಹಾಕಿಸತೊಡಗಿದಂದಿನಿಂದ ವೆಂಕಟಮ್ಮನವರು ಬೀಗದ ಕೈ ಕೊಡುವಾಗಲೇ ಕಟ್ಟುನಿಟ್ಟಾಗಿ ಹೇಳುತ್ತಿದ್ದರು: “ಗಂಡ, ಎಂಡ್ತಿ, ಮಕ್ಳು. ಅಷ್ಟೇಯ. ನೆಂಟ್ರು ಬಂದ್ರೆ ಉಂಡು ಒಲ್ಟೋಗ್ಬೇಕು.” ಅಂಥ ಮನೆಯೊಡತಿಯ ಮಗಳು ಬಂದು, ನಿಮ್ಮ ಜೊತೆ ಯಾರ್ಯಾರು ಇದ್ದಾರೆ, ನಿಮಗೆ ಯಾರು ಹತ್ತಿರ, ಹೋದ ವಾರ ಯಾರ ಜೊತೆ ಕೂತು ನಕ್ಕಿರಿ ಎಂದು ಫೋನು ಮುಂದಿಟ್ಟು ಕೇಳಿದರೆ ಅವರು ಏನೆಂದುಕೊಳ್ಳಬೇಕು? ಇದು ಸಂಶೋಧನೆ, ಹೆಸರು ಬರುವುದಿಲ್ಲ, ಅಮ್ಮನಿಗೆ ಹೇಳುವುದಿಲ್ಲ ಎಂದು ವನಜಾ ಹೇಳಿದಷ್ಟೂ ಅವರ ಬಾಯಿ ಬಿಗಿಯಿತು.

ಇತ್ತ ಹೇಮಲತಾ ಈ ಉತ್ತರಗಳನ್ನು ಕೇಳಿ ಬೆರಗಾದರು. ಊರಿನಲ್ಲಿ ನೂರು ಜನರ ನಡುವೆ ಬೆಳೆದವರು ಇಲ್ಲಿಗೆ ಬಂದು ಗಂಡ ಹೆಂಡಿರ ಸಂಬಂಧವೊಂದಕ್ಕೇ ಕುಗ್ಗಿಹೋಗಿದ್ದಾರೆ, ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಕ್ಕಿರಲಿಲ್ಲ ಎಂದರು. ವನಜಾ ತಡೆಯಲಾರದೆ, ಇದೆಲ್ಲ ಸುಳ್ಳು ಮೇಡಂ ಎಂದುಬಿಟ್ಟಳು. ಜಡೆಯ ಮಾತನ್ನೂ ಹೇಳಿದಳು. ಹೇಮಲತಾ ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು.

“ವನಜಾ, ನಿಮ್ಮನ್ನ ನಂಬ್ತೀನಿ. ಆದ್ರೆ ಜಡೆ ನೋಡಿ ಅಧ್ಯಾಯ ಬರೆಯೋಕಾಗುತ್ತಾ? ಅವರ ಬಾಯಲ್ಲೇ ಬರಲಿ. ಒಬ್ಬರು ಹೇಳಿದ್ರೂ ಸಾಕು, ಎಲ್ಲಾನೂ ಮತ್ತೆ ಮೊದಲಿಂದ ಕೇಳೋಣ. ಇಲ್ಲಾಂದ್ರೆ ಇದ್ದ ಹಾಗೇ ಹೋಗುತ್ತೆ.”

ಬಸ್ಸಿನಲ್ಲಿ ಬರುವಾಗ ವನಜಾಳಿಗೆ ಎಲ್ಲರ ಮೇಲೂ ಸಿಟ್ಟು. ಸುಳ್ಳು ಹೇಳುವವರ ಮೇಲೆ, ಅದನ್ನು ನಂಬುವವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಾಯಿಯ ಕಟ್ಟಳೆಯ ಮೇಲೆ. ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಒಂದು ಬಿಂದಿಗೆ ನೀರಿಗಾಗಿ ಜನ ಒಡಹುಟ್ಟಿದವರನ್ನೇ ಇಲ್ಲವೆನ್ನುವಂತೆ ಮಾಡಿದ್ದೀಯೆ, ಮೇಲೆ ಎಷ್ಟು ಜನ ಕದ್ದು ಬದುಕುತ್ತಿದ್ದಾರೆ ಗೊತ್ತೆ ಎಂದು ಕೇಳಿದಳು.

ವೆಂಕಟಮ್ಮನವರು ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಗೊತ್ತು ಕಣೇ. ಆ ಮೂಲೆ ರೂಮ್ನಾಗೆ ಇನ್ನೊಬ್ಳು ಅವ್ಳೆ. ಮೇಲ್ಗಡೆ ರೂಮ್ನೋನ ಬಾಮೈದ ಅವ್ನೆ. ಏನೀಗ?”

ವನಜಾ ದಂಗಾದಳು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೀಯೆ, ಕಟ್ಟಳೆಯನ್ನು ತೆಗೆದೇ ಹಾಕಬಾರದೆ ಎಂದು ಕೇಳಿದಳು. ತೆಗೆದರೆ ಒಬ್ಬರಿದ್ದಲ್ಲಿ ಮೂವರು ಬರುತ್ತಾರೆ, ಟ್ಯಾಂಕರು ಎಲ್ಲಿಂದ ತರಲಿ ಎಂದರು ವೆಂಕಟಮ್ಮ. ಇರುವವರು ಇರಲಿ, ನೀನು ಇದರಲ್ಲಿ ತಲೆ ಹಾಕಬೇಡ ಎಂದೂ ಹೇಳಿದರು. ಆ ಕೊನೆಯ ಮಾತು ವನಜಾಳ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಅಮ್ಮನಿಗೆ ಗೊತ್ತಿದೆ, ಅಮ್ಮ ಬೇಡವೆನ್ನುವುದಿಲ್ಲ. ಅವಳ ಮನಸ್ಸು ಅಷ್ಟನ್ನೇ ಹಿಡಿದುಕೊಂಡಿತು. ಇನ್ನು ಯಾರೂ ಸುಳ್ಳು ಹೇಳಬೇಕಾಗಿಲ್ಲವಲ್ಲ!

ಮರುದಿನ ಸಂಜೆ ಮಹಾನಂದಾ ಕೆಲಸದಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಹೋಗಿ ಹೊಸ್ತಿಲಲ್ಲೇ ನಿಂತು, ನಗುನಗುತ್ತ ಎಲ್ಲವನ್ನೂ ಹೇಳಿದಳು. ಹೊಳೆವ್ವ ಇಲ್ಲಿರುವುದು ಅಮ್ಮನಿಗೆ ಮೊದಲಿನಿಂದಲೂ ಗೊತ್ತು. ಏನೂ ತೊಂದರೆಯಿಲ್ಲ. ಭಾನುವಾರ ಇನ್ನೊಮ್ಮೆ ಕೂತು ಮಾತಾಡೋಣ, ಈ ಸಲ ಇದ್ದದ್ದನ್ನು ಹೇಳಿದರಾಯಿತು. ಮಹಾನಂದಾ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಕಡೆಗೆ, “ಆತ್ರಿ ಅಕ್ಕಾರ” ಎಂದಳು. ವನಜಾ ಹಗುರಾಗಿ ಮೆಟ್ಟಿಲಿಳಿದಳು. ಅಧ್ಯಾಯದ ಮೊದಲ ಸಾಲು ಆಗಲೇ ಅವಳ ತಲೆಯಲ್ಲಿ ಮೂಡುತ್ತಿತ್ತು. ತಾರಸಿಯ ನೆರಳು, ಹಣಿಗೆ, ಅದುಮಿಟ್ಟ ನಗು.

ಭಾನುವಾರ ಹೋದಾಗ ಕೋಣೆ ಗುಡಿಸಿ ಒರೆಸಿತ್ತು. ಮೂಲೆಯಲ್ಲಿ ಮಡಿಸಿಡುತ್ತಿದ್ದ ಹಾಸಿಗೆಯ ಸುರುಳಿ ಇರಲಿಲ್ಲ. ಮಹಾನಂದಾ ಸ್ನಾನ ಮಾಡಿ ಒದ್ದೆ ಕೂದಲನ್ನು ಒಂದು ಗಂಟು ಸುತ್ತಿಕೊಂಡಿದ್ದಳು. ಕತ್ತಿನ ಮೇಲೆಲ್ಲ ಎಳೆಗಳು ಇಳಿಬಿದ್ದಿದ್ದವು. ಚಹಾ ಕೊಟ್ಟು, ಗೋಡೆಗೊರಗಿ ಕೂತು, ಕೇಳ್ರಿ ಎಂದಳು.

ನಿಮ್ಮ ಜೊತೆ ಯಾರ್ಯಾರು ಇದ್ದಾರೆ ಎಂದು ವನಜಾ ಕೇಳಿದಳು.

“ನಾವಿಬ್ರ ಅದೀವ್ರಿ.”

ಮನಸ್ಸಿಗೆ ನೋವಾದರೆ ಯಾರಿಗೆ ಹೇಳುತ್ತೀರಿ ಎಂಬ ಪ್ರಶ್ನೆ ಅರ್ಧದಲ್ಲೇ ನಿಂತಿತು. ವನಜಾ ಫೋನನ್ನು ಮಗುಚಿಟ್ಟು, ಹೊಳೆವ್ವ ಎಲ್ಲಿ ಎಂದಳು.

ಹೋದಳು ಎಂದಳು ಮಹಾನಂದಾ. ಮಾಕಳಿಯ ಕಡೆ ಯಾವುದೋ ಕಾರ್ಖಾನೆಯ ಹಿಂದೆ ಶೆಡ್ಡಿನಲ್ಲಿ ಹೆಂಗಸರು ಸೇರಿಕೊಂಡು ಇದ್ದಾರಂತೆ, ಅಲ್ಲಿಗೆ. ಮಹಾನಂದಾಳ ಜೊತೆಗೇ ಹೋಗುತ್ತಿದ್ದ ಹೊಲಿಗೆಯ ಕೆಲಸವನ್ನೂ ಬಿಟ್ಟಳು, ಅಲ್ಲಿಂದ ದೂರವಾಗುತ್ತದೆಂದು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಗಂಡನ ಏಟು ತಾಳಲಾರದೆ ಊರು ಬಿಟ್ಟ ದಿನ ಹೊಳೆವ್ವ ಮೊದಲು ಹುಡುಕಿಕೊಂಡು ಬಂದದ್ದು ಈ ಬಾಗಿಲನ್ನು. ಇಷ್ಟನ್ನೂ ಮಹಾನಂದಾ ಚಹಾದ ಲೋಟ ನೋಡುತ್ತ ಹೇಳಿದಳು.

“ಅಯ್ಯೋ, ನಾನ್ ಹೋಗು ಅಂದ್ನಾ ಮಹಾನಂದಾ? ಇರ್ಲಿ ಅಂತಾನೇ ಅಲ್ವಾ ಹೇಳಿದ್ದು?”

ಮಹಾನಂದಾ ಆಗ ಮೊದಲ ಬಾರಿಗೆ ಅವಳ ಮುಖ ನೋಡಿದಳು. ಸಿಟ್ಟಿರಲಿಲ್ಲ, ಮರ್ಯಾದೆ ಇತ್ತು. ಅದೇ ವನಜಾಳಿಗೆ ಹೆಚ್ಚು ಇರಿಯಿತು.

“ಮಾಲೀಕ್ರು ನೆಟ್ಟಗ ಹೋಗ್ರಿ ಅಂತ ಎಲ್ಲಿ ಹೇಳ್ತಾರ್ರಿ ಅಕ್ಕಾರ? ಮೊದ್ಲಿದ್ದ ಮನ್ಯಾಗೂ ಹಿಂಗ ಬಾಗಿಲಕ್ಕ ಬಂದು ನಕ್ಕೋತ ಹೇಳಿದ್ರು, ನಮಗೆಲ್ಲಾ ಗೊತ್ತೈತಿ, ತ್ರಾಸಿಲ್ಲ ಅಂತ. ತಿಂಗಳದಾಗ ಸಾಮಾನ ಹೊರಗ ಇಟ್ಟಿದ್ರು. ನನ್ನ ಸಲುವಾಗಿ ನಿಮಗೂ ಮನಿ ಹೋಗೂದು ಬ್ಯಾಡ ಅಂತ ಆಕೀನ ಹೊಂಟ್ಲು.”

ಕರೆದುಕೊಂಡು ಬಾ, ನಾನೇ ಬಂದು ಕರೆಯುತ್ತೇನೆ, ವಿಳಾಸ ಕೊಡು ಎಂದು ವನಜಾ ಎಷ್ಟೋ ಕೇಳಿಕೊಂಡಳು. ವಿಳಾಸ ತನಗೂ ಗೊತ್ತಿಲ್ಲ ಎಂದಳು ಮಹಾನಂದಾ. ಅದು ನಿಜವೋ, ಮನೆಯೊಡತಿಯ ಮಗಳಿಗೆ ಹೇಳುವ ಉತ್ತರವೋ ತಿಳಿಯುವಂತಿರಲಿಲ್ಲ.

ಕೆಳಗೆ ಬಂದು ಹೇಳಿದಾಗ ವೆಂಕಟಮ್ಮನವರ ಕೈ ಮೊರದಲ್ಲೇ ನಿಂತಿತು. ದನಿ ಗಡುಸಾಗಿತ್ತು.

“ಗೊತ್ತೈತೆ ಅಂತ ಅವ್ರ್ ಮುಂದೆ ಆಡ್ಬಾರ್ದು ಕಣೇ. ಆಡಿದ್ಮ್ಯಾಕೆ ಅವ್ರು ಎಂಗೆ ತಲೆ ಎತ್ಕಂಡ್ ಇರ್ತಾರೆ? ನೀನು ಚೀಲ ಇಡ್ಕಂಡು ಬಂದೆಯಲ್ಲ, ನಾನೇನಾರ ಕೇಳಿದ್ನಾ? ನೆಲಮಂಗಲದಾಗೆ ಏನಾಯ್ತು ಅಂತ ನಂಗೆ ಗೊತ್ತಿರ್ಲಿಲ್ವಾ?”

ವನಜಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಷ್ಟು ವರ್ಷ ತಾಯಿಗೆ ತನ್ನ ಗೊಡವೆಯಿಲ್ಲ ಎಂದುಕೊಂಡಿದ್ದಳು. ಊರಿನವರನ್ನೆಲ್ಲ ನಿಮಗೆ ಯಾರು ಹತ್ತಿರ ಎಂದು ಕೇಳುತ್ತ ಮೆಟ್ಟಿಲು ಹತ್ತಿದವಳು ಕೆಳಗಿನ ಮನೆಯಲ್ಲಿದ್ದದ್ದನ್ನೇ ಕಂಡಿರಲಿಲ್ಲ. ಈಗ ತಿಳಿದರೂ ಏನು ಬಂತು? ತಿಳಿಯಬೇಕಾದದ್ದು ಒಂದು ವಾರದ ಹಿಂದೆ.

ಅಂದು ಸಂಜೆ ಹೇಮಲತಾ ಫೋನು ಮಾಡಿದರು. ಆ ಕೋಣೆಯಲ್ಲಿ ಈಗ ಇಬ್ಬರೇ ಇದ್ದಾರೆ ಎಂದು ವನಜಾ ಹೇಳಿದಳು. ಹಾಗಾದರೆ ಮೊದಲಿನ ಉತ್ತರವೇ ಸರಿಯಾಯಿತಲ್ಲ ಎಂದರು ಅವರು. ಮೊದಲು ಸರಿಯಿರಲಿಲ್ಲ ಮೇಡಂ, ನಾನು ಕೇಳಿ ಕೇಳಿ ಸರಿಮಾಡಿದೆ ಎಂದು ವನಜಾ ನಡೆದದ್ದನ್ನೆಲ್ಲ ಹೇಳಿದಳು. ನಮ್ಮ ಮನೆಯ ಮಾತುಗಳನ್ನು ನಿಮ್ಮ ಪುಸ್ತಕಕ್ಕೆ ಸೇರಿಸಬೇಡಿ, ಆ ಅಧ್ಯಾಯವನ್ನು ನಾನು ಬರೆಯಲಾರೆ ಎಂದೂ ಹೇಳಿದಳು. ಯೋಚನೆ ಮಾಡಿ, ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದರು ಹೇಮಲತಾ, ನೊಂದ ದನಿಯಲ್ಲಿ. ಯೋಚನೆ ಮಾಡಿದ್ದಾಯಿತು ಎಂದಳು ವನಜಾ.

ಬೆಳಗ್ಗೆ ವೆಂಕಟಮ್ಮನವರು ಎಂದಿನಂತೆ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದರು. ಮಹಾನಂದಾ ಊಟದ ಡಬ್ಬಿ ಹಿಡಿದು ಒಬ್ಬಳೇ ಇಳಿದು ಬಂದಳು. ತಾನೇ ಹಾಕಿಕೊಂಡ ಸಡಿಲ ಜಡೆ ಗೇಟು ದಾಟುವುದರೊಳಗೆ ಬಿಚ್ಚತೊಡಗಿತ್ತು. ವೆಂಕಟಮ್ಮನವರ ತಲೆ ಬಗ್ಗಿಯೇ ಇತ್ತು. ಮೊದಲಿನಂತೆ ಅವಳ ಹಿಂದೆಯೇ ಇನ್ನೊಬ್ಬಳು ಸದ್ದಿಲ್ಲದೆ ಜಾರಿಹೋಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವರು ಕಾಳಿನ ಮೇಲಿಂದ ಕಣ್ಣೆತ್ತಲಿಲ್ಲ. ಆಮೇಲೆ ಎತ್ತಿ, ಖಾಲಿ ಮೆಟ್ಟಿಲುಗಳನ್ನು ಒಮ್ಮೆ ನೋಡಿ, ಮತ್ತೆ ಮೊರದೊಳಗೆ ಕೈಯಾಡಿಸತೊಡಗಿದರು. ಒಳಗಿನಿಂದ ನೋಡುತ್ತಿದ್ದ ವನಜಾ ಹೊರಗೆ ಬಂದು, ಏನನ್ನೂ ಕೇಳದೆ, ಮೊರದ ಇನ್ನೊಂದು ಬದಿಗೆ ಕೂತಳು.