ಅತಿಥಿಗಳಿಗೆ ಪ್ರವೇಶವಿಲ್ಲ

ನನ್ನ ಬಾಯಿ ಸ್ವಲ್ಪ ಜೋರು. ಚಾಮರಾಜಪೇಟೆಯಲ್ಲಿ ಪ್ರೆಸ್ ಇಟ್ಟುಕೊಂಡ ಹೆಂಗಸು ಮೆತ್ತಗೆ ಮಾತಾಡುತ್ತಾ ಕೂತರೆ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗಲ್ಲ ಅಂತ ಎಲ್ಲರಿಗೂ ಸಮಜಾಯಿಷಿ ಕೊಡುತ್ತೇನೆ. ಆದರೆ ಆ ದಿನ ಮೇಷ್ಟ್ರಿಗೆ ಅಂದ ಮಾತಿಗೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಮೇಷ್ಟ್ರು ನಮ್ಮಲ್ಲಿ ಕರಡು ತಿದ್ದುವವರು. ಹನುಮಂತನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ, ರಿಟೈರಾದ ಮೇಲೆ ಅಪ್ಪನ ಕಾಲದಲ್ಲೇ ಬಂದು ಸೇರಿದರು. ಅಪ್ಪ ಹೋದ ಮೇಲೂ ಬರುವುದು ಬಿಡಲಿಲ್ಲ. ಮೊನ್ನೆ ಒಂದು ಮದುವೆ ಕಾರ್ಡಿನಲ್ಲಿ ‘ಆಹ್ವಾನ’ದ ದೀರ್ಘ ಬಿಟ್ಟುಹೋಗಿ ‘ಅಹ್ವಾನ’ ಅಂತ ಅಚ್ಚಾಗಿಬಿಟ್ಟಿತ್ತು. ಹುಡುಗಿ ಕಡೆಯವರು ಬಂದು ಕೂಗಾಡಿದರು. ನನಗೆ ತಲೆ ಕೆಟ್ಟಿತು. ಅವರೆದುರಿಗೇ, “ಕಣ್ಣು ಕಾಣ್ದಿದ್ರೆ ಮನೇಲಿರ್ಬೇಕು ಮೇಷ್ಟ್ರೇ” ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ಆ ಭಾನುವಾರ ಕೂತು ಕಂಪ್ಯೂಟರಿನ ಕೆಲಸ ಮಾಡಿದೆ. ನಮ್ಮ ಫೈಲುಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಮಿಕ್ಕವರು ತಮ್ಮ ತಮ್ಮ ಮೇಜಿನಿಂದಲೇ ಅವನ್ನು ತೆಗೆದು ಕೆಲಸ ಮಾಡುತ್ತಾರೆ. ಹಾಗೆ ಹಂಚಿಕೊಡುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು. ಏನೇನು ಬದಲಾಗಿದೆ ಅಂತ ಮಾರುದ್ದದ ಪಟ್ಟಿ. ದೊಡ್ಡ ಫೈಲು ಬೇಗ ಹೋಗುತ್ತದಂತೆ, ದಾರಿಯಲ್ಲಿ ಯಾರೂ ಇಣುಕಿ ನೋಡಲಾಗುವುದಿಲ್ಲವಂತೆ. ಮಧ್ಯದಲ್ಲೊಂದು ಸಾಲು: ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಬರುವವರಿಗೆ ಇನ್ನು ಮುಂದೆ ಪ್ರವೇಶವಿಲ್ಲ. ಒಳ್ಳೇದೇ ಆಯ್ತು, ಕಳ್ಳಕಾಕರ ಕಾಟ ತಪ್ಪಿತು ಅಂದುಕೊಂಡು ‘ಸರಿ’ ಅಂತ ಒತ್ತಿ ಹಾಕಿಕೊಂಡೆ. ನಮ್ಮಲ್ಲಿ ಹಾಗೆ ಬರುತ್ತಿದ್ದವರು ಮೇಷ್ಟ್ರೊಬ್ಬರೇ. “ಪಾಸ್‌ವರ್ಡೆಲ್ಲ ನೆನಪಿರಲ್ಲಮ್ಮ” ಅಂದಿದ್ದಕ್ಕೆ ಎಷ್ಟೋ ವರ್ಷದ ಹಿಂದೆ ನಾನೇ ಹಾಗೆ ಮಾಡಿಕೊಟ್ಟಿದ್ದೆ. ದರಿದ್ರದ ತಲೆ, ಅದು ನೆನಪಿಗೇ ಬರಲಿಲ್ಲ.

ಸೋಮವಾರ ಬೆಳಿಗ್ಗೆ ತರಗುಪೇಟೆಯ ಬೇಳೆ ಮಂಡಿಯವರಿಗೆ ಕ್ಯಾಲೆಂಡರಿನ ಮಾದರಿ ತೋರಿಸಲು ಹೋಗಿದ್ದೆ. ವಾಪಸ್ ಬಂದಾಗ ಮೇಷ್ಟ್ರ ಕುರ್ಚಿ ಖಾಲಿ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಕೀಬೋರ್ಡಿನ ಮೇಲೆ ಇಟ್ಟಿದ್ದರು. ಕಾಫಿಗೆ ಹೋಗಿರಬೇಕು ಅಂದುಕೊಂಡೆ. ಸಂಜೆಯಾದರೂ ಬರಲಿಲ್ಲ, ಮಾರನೇ ದಿನವೂ ಇಲ್ಲ. ಫೋನ್ ಮಾಡಿದರೆ ಅವರ ಮನೆಯವರು ಎತ್ತಿ, “ಮಲಗಿದಾರಮ್ಮ” ಅಂತ ಇಟ್ಟುಬಿಟ್ಟರು.

ಬುಧವಾರ ಅವರ ಕಂಪ್ಯೂಟರಿನ ಮುಂದೆ ನಾನೇ ಕೂತು ಅವರ ಫೋಲ್ಡರ್ ತೆರೆದೆ. ಪರದೆ ಮೇಲೆ ಬಂತು, ಕನ್ನಡದಲ್ಲೇ: ‘ನಿಮಗೆ ಇಲ್ಲಿ ಪ್ರವೇಶವಿಲ್ಲ.’ ಅವರಿಗೆ ಅನುಕೂಲವಾಗಲಿ ಅಂತ ಕನ್ನಡ ಹಾಕಿಸಿದವಳೂ ನಾನೇ. ಅಯ್ಯೋ ದೇವರೇ, ಜೀವಮಾನವೆಲ್ಲ ಅಕ್ಷರ ಅಕ್ಷರವನ್ನೂ ನಂಬಿ ಓದಿದ ಮನುಷ್ಯ ಇದನ್ನು ಇನ್ನು ಹೇಗೆ ಓದಿಕೊಂಡಾರು!

ಶಂಕರಪುರಂನ ಅವರ ಮನೆಗೆ ಓಡಿದೆ. ಜಗಲಿಯ ಮೇಲೆ ಕೂತಿದ್ದರು.

“ಬಾಮ್ಮ. ಬಾಯಲ್ಲಿ ಹೇಳಿದ್ದೇ ಸಾಕಾಗಿತ್ತು. ಬೋರ್ಡ್ ಬೇರೆ ಹಾಕ್ಬೇಕಿತ್ತಾ?”

“ನಾನು ಹಾಕಿದ್ದಲ್ಲ ಮೇಷ್ಟ್ರೇ, ನಿಮ್ಮಾಣೆ!” ಹೊಸ ಆವೃತ್ತಿ, ಪಾಸ್‌ವರ್ಡ್, ಅತಿಥಿ, ಎಲ್ಲಾ ತಡವರಿಸುತ್ತಾ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ಇಷ್ಟ್ ವರ್ಷ ನಾನು ಅಲ್ಲಿ ಅತಿಥಿನಾ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾರ್ಡಿನ ವಿಷಯಕ್ಕೆ ತಪ್ಪಾಯ್ತು ಅಂದೆ. ಹೊರಡುವಾಗ, “ನಾಳೆ ನಿಮ್ಮ ಹೆಸರು ಹಾಕಿಟ್ಟಿರ್ತೀನಿ, ಬನ್ನಿ” ಅಂದೆ. “ನೋಡೋಣ” ಅಂದರು.

ಮಾರನೇ ದಿನ ಹನ್ನೊಂದಾಯಿತು, ಹನ್ನೆರಡಾಯಿತು. ಇನ್ನು ಬರಲ್ಲ ಅಂದುಕೊಳ್ಳುವಾಗ ಬಂದರು. ಅವರ ಹೆಸರಿನದೇ ಖಾತೆ ತೆರೆದು, ಪಾಸ್‌ವರ್ಡಿಗೆ ಮರೆಯದಂಥ ಒಂದು ಪದ ಹಾಕಿ ಅಂದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಹುಡುಕಿ ಒತ್ತಿದರು.

“ಆಹ್ವಾನ ಅಂತ ಹೊಡೆದಿದೀನಮ್ಮ. ಮೊದಲಲ್ಲಿ ಎರಡು ಎ ಬಿದ್ದಿದ್ಯಾ, ದೀರ್ಘ ಸರಿಯಾಗಿದ್ಯಾ ನೋಡು. ನಂಗೆ ಕಾಣಿಸ್ತಿಲ್ಲ.”

ನಾನೂ ಬಗ್ಗಿ ನೋಡಿದೆ. ಪರದೆಯಲ್ಲಿದ್ದದ್ದು ಬರೀ ಕಪ್ಪು ಚುಕ್ಕಿಗಳು.

“ನಂಗೂ ಕಾಣಿಸ್ತಿಲ್ಲ ಮೇಷ್ಟ್ರೇ” ಅಂದೆ.