ಹಾಡು ನುಂಗುವ ಕಂಪ್ಯೂಟರ್

ಅನುಮಾನ ಪಡಲು ನನಗೆ ಕಾರಣ ಬೇಕಿಲ್ಲ. ಹೈದರಾಬಾದಿನ ಸರ್ಕಾರಿ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ರಜೆ ಅರ್ಜಿಗಳನ್ನು ಪರಿಶೀಲಿಸಿದವನು ನಾನು. ಒಬ್ಬನ ಒಂದೇ ಅಜ್ಜಿ ಮೂರು ಸಲ ತೀರಿಕೊಂಡದ್ದನ್ನು ಕಂಡಮೇಲೆ ಯಾರನ್ನು ನಂಬುವುದು? ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಹಾಡು ಹಚ್ಚಿದ ಕೂಡಲೇ ಮೀಡಿಯಾ ಪ್ಲೇಯರ್ ತಾನಾಗಿ ಮುಚ್ಚಿಕೊಳ್ಳತೊಡಗಿದಾಗ, ನಾನು ಯಂತ್ರವನ್ನು ಬಿಟ್ಟು ಮನುಷ್ಯರನ್ನು ಸಂಶಯಿಸಿದೆ.

ಹಾಡು ಸಾಮಾನ್ಯದ್ದಲ್ಲ. ಹೋದ ವರ್ಷ ನಮ್ಮನ್ನಗಲಿದ ಅತ್ತೆಯವರ ಬೀಸುವ ಪದಗಳು. ಕಲಬುರಗಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಪ್ರಭಾಕರ ಹಳೆಯ ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಿ ಕಳಿಸಿದ್ದ. ಹೆಂಡತಿ ಶಾಂತಾ ಕೈಕೆಲಸ ಬಿಟ್ಟು ಬಂದು ಕೂತರೆ, ಅವರವ್ವ ಒಂದು ಸಾಲು ಹಾಡುವಷ್ಟರಲ್ಲಿ ದನಿ ಮಾಯ.

ಪ್ಲೇಯರನ್ನು ತೆಗೆದು ಮತ್ತೆ ಹಾಕಿದೆ. ವೈರಸ್ ಹುಡುಕಿಸಿದೆ. ಏನೂ ಸಿಗಲಿಲ್ಲ. ಪ್ರಭಾಕರ ನಮಗೆ ಕೆಟ್ಟ ಪ್ರತಿ ಕೊಟ್ಟು ಒಳ್ಳೆಯದನ್ನು ತಾನಿಟ್ಟುಕೊಂಡಿದ್ದಾನೆಂದು ತೀರ್ಮಾನಿಸಿ, ಫೋನಿನಲ್ಲಿ ಹಾಗೆಂದೇ ಬಿಟ್ಟೆ. ಅವನು ಫೋನಿಟ್ಟುಬಿಟ್ಟ.

"ನನ್ನ ತಮ್ಮಗ ಯಾಕ ಅಂತೀರಿ? ನೀವ ಏನರ ಮಾಡಿರಬೇಕು. ನಮ್ಮವ್ವನ ದನಿ ನಿಮಗ ಮೊದಲಿಂದನೂ ಹಿಡಸ್ತಿರಲಿಲ್ಲ" ಎಂದಳು ಶಾಂತಾ. ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಮೂರನೆಯ ದಿನ ಅವಳೇ ಕೆಳಗಿನ ಮನೆಯ ಸುಜಾತಾಳನ್ನು ಕರೆತಂದಳು. ಬೀದರಿನವಳು, ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಪೆನ್‌ಡ್ರೈವನ್ನು ಮೊದಲು ತನ್ನ ಲ್ಯಾಪ್‌ಟಾಪಿಗೆ ಹಚ್ಚಿದಳು. ಹಾಡು ಎಲ್ಲೂ ನಿಲ್ಲದೆ ಸಾಗಿತು. ಪ್ರಭಾಕರ ನಿರ್ದೋಷಿ! ಆಮೇಲೆ ನಮ್ಮ ಕಂಪ್ಯೂಟರನ್ನು ಕೆದಕಿದಳು.

"ಅಂಕಲ್, ದನಿ ದೊಡ್ಡದು ಮಾಡೋ ಈ ಪ್ರೋಗ್ರಾಂ ಯಾರು ಹಾಕ್ಯಾರ್ರಿ? ಪ್ಲೇಯರಿಗೂ ಇದಕ್ಕೂ ಕೂಡಿ ಬರವಲ್ದು. ಅದಕ್ಕ ಬಂದ್ ಆಗಾಕತ್ತೈತಿ."

ಹಾಕಿದವನು ನಾನೇ. ಕಿವಿ ಮಂದವಾಗುತ್ತಿರುವುದನ್ನು ಯಾರಿಗೂ ಹೇಳದೆ, ಗುಟ್ಟಾಗಿ. ಸುಜಾತಾ ಅದನ್ನು ತೆಗೆದುಹಾಕಿದಳು. ಅತ್ತೆಯವರು ಪದದ ಮೇಲೆ ಪದ ಹಾಡಿದರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದಳು. ನಾನು ಸ್ಪೀಕರಿಗೆ ಕಿವಿ ಅಂಟಿಸಿಕೊಂಡು ಕೂತಿದ್ದೆ.

"ಕೇಳಸೂದಿಲ್ಲೇನ್ರಿ ನಿಮಗ? ಹೇಳಬಾರದಾ?" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ನನಗೆ ಕೇಳಿಸಿತು.

ಪ್ರಭಾಕರನಿಗೆ ಫೋನ್ ಮಾಡಿ, "ತಪ್ಪಾಯ್ತಪಾ" ಎಂದೆ.

ಅವನು ನಕ್ಕ. "ಇರ್ಲಿ ಬಿಡ್ರಿ ಭಾವಾ. ಅಸಲಿ ಕ್ಯಾಸೆಟ್ ಹೊಡಕೊಳ್ಳಾಕ ನೀವು ನಾಟಕಾ ಮಾಡಾಕತ್ತೀರಿ ಅಂತ ನಾನೂ ತಿಳ್ಕೊಂಡಿದ್ದೆ!"

ಮರುವಾರ ಶಾಂತಾ ನನ್ನನ್ನು ಕಿವಿ ಪರೀಕ್ಷೆಗೆ ಎಳೆದೊಯ್ದಳು. ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಶ್ರದ್ಧೆಯಿಂದ ಒತ್ತುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಪರೀಕ್ಷಕಿ ಬಾಗಿಲು ತೆರೆದು ಇಣುಕಿದಳು. ಅವಳಿನ್ನೂ ಸದ್ದನ್ನೇ ಶುರುಮಾಡಿರಲಿಲ್ಲವಂತೆ.