ಕಡಲು ದಾಟಿದ ಹಾಡು

ನಮ್ಮ ಫ್ರಾನ್ಸಿನ ದಿಯೆಪ್ ಬಂದರಿನಲ್ಲಿ ಇಂಗ್ಲೆಂಡಿನ ಹಡಗು ಕೂಗಿತೆಂದರೆ ನಮ್ಮ ಮೇಲಂತಸ್ತಿನ ಮದಾಮ್ ಓಡೀಲ್ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಅರವತ್ತಮೂರನೇ ಇಸವಿಯಲ್ಲಿ ಅವರು ಹಾಡಿದ ಒಂದೇ ಒಂದು ರೆಕಾರ್ಡಿಗೆ ಈ ಊರಿನ ಹುಡುಗರೆಲ್ಲ ಕುಣಿದಿದ್ದರಂತೆ. ಆ ರೆಕಾರ್ಡು ಇಂಗ್ಲೆಂಡಿಗೂ ಹೋಗಿತ್ತಂತೆ; ಕಡಲಾಚೆ ಹೋದ ಹಾಡು ಏನಾಯಿತೋ ಯಾರಿಗೂ ಗೊತ್ತಿಲ್ಲ. ಹಡಗಿನಿಂದ ಇಳಿದ ಪ್ರವಾಸಿಗರಿಗೆ ಎರಡು ಸಾಲು ಹಾಡಿ, “ಅಲ್ಲಿ ಇದನ್ನ ಕೇಳಿದೀರಾ?” ಎನ್ನುತ್ತಾರೆ, ನಮ್ಮ ಫ್ರೆಂಚಿನಲ್ಲೇ. ಬಂದವರು ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆ. ಮದಾಮ್‌ಗೆ ಅಷ್ಟೇ ಸಾಕು. ಆ ದಿನವೆಲ್ಲ ಮೀನು ಕೊಳ್ಳುವಾಗಲೂ ಅವರ ಕಾಲು ನೆಲಕ್ಕೆ ತಾಗುವುದಿಲ್ಲ. “ಇಷ್ಟು ವರ್ಷದಿಂದ ಕೇಳ್ತಾನೇ ಇದೀರಲ್ಲ ಮದಾಮ್, ಒಂಚೂರು ಇಂಗ್ಲಿಷ್ ಕಲೀಬಾರದಾ?” ಎಂದು ಇಂದು ಛೇಡಿಸಿದೆ. “ಬೇಡ ಕಣೇ ಪುಟ್ಟಿ,” ಎಂದರು ಸ್ಕಾರ್ಫ್ ಕಟ್ಟಿಕೊಳ್ಳುತ್ತ, “ಕಲಿತರೆ ಅವರು ಹೇಳೋದು ಅರ್ಥ ಆಗಿಬಿಡುತ್ತೆ.” ಹಡಗು ಮತ್ತೆ ಕೂಗಿತು. “ಇವತ್ತು ಬರೋರು ಖಂಡಿತ ನನ್ನ ಹಾಡನ್ನ...” ಎನ್ನುತ್ತಲೇ ಮೆಟ್ಟಿಲಿಳಿದು ಹೋದರು.